ತಾತನ ಟ್ರಂಕಲ್ಲಿ ಸಿಕ್ಕ ಮೆಟ್ನರ್ ರೆಕಾರ್ಡು, ಮೈಸೂರು ಮಹಾರಾಜರು, ಮತ್ತೆ ಆ ಕರಕರ ಸದ್ದು

ಪ್ರಶ್ನೆ: ಸರ್, ಮೈಸೂರಲ್ಲಿ ನಮ್ಮ ತಾತನ ಮನೆ ಖಾಲಿ ಮಾಡುವಾಗ ಟ್ರಂಕಲ್ಲಿ ಮೂರು ದಪ್ಪ ರೆಕಾರ್ಡು ಸಿಕ್ತು. ಎಚ್‌ಎಂವಿದು. ಲೇಬಲ್ ಮೇಲೆ ಮೆಡ್ಟ್ನರ್, ಪಿಯಾನೋ ಕನ್ಚೆರ್ಟೊ ನಂ. 3, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಅಂತೆಲ್ಲಾ ಇದೆ. ಇದನ್ನ ನಮ್ಮ ಮಹಾರಾಜರೇ ದುಡ್ಡು ಕೊಟ್ಟು ಮಾಡಿಸಿದ್ದು ಅಂತ ದೊಡ್ಡಪ್ಪ ಹೇಳ್ತಾರೆ, ನಿಜವಾ? ಫ್ರೆಂಡ್ ಮನೇಲಿ ಪ್ಲೇಯರಿಗೆ ಹಾಕಿ ಕೇಳಿದ್ವಿ, ಕರಕರ ಸದ್ದು ಬಿಟ್ರೆ ಏನೂ ತಿಳೀಲಿಲ್ಲ, ಒಂದು ಸೈಡ್ ಮುಗಿಸಿ ತಿರುಗಿಸಿದ್ರೆ ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನನಗೆ ಕರ್ನಾಟಕ ಸಂಗೀತ ಅಲ್ಪಸ್ವಲ್ಪ ಗೊತ್ತು, ವೆಸ್ಟರ್ನ್ ಏನೂ ಗೊತ್ತಿಲ್ಲ. ಇದು ಕೇಳೋಕೆ ಯೋಗ್ಯವಾ? ಯೋಗ್ಯ ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದಲು ಒಂದು ಮಾತು, ದಯವಿಟ್ಟು ಆ ರೆಕಾರ್ಡನ್ನ ಆ ಪ್ಲೇಯರಿಗೆ ಇನ್ನೊಂದ್ಸಲ ಹಾಕ್ಬೇಡಿ. ನಿಮ್ಮ ಫ್ರೆಂಡ್ ಮನೇದು ಎಲ್‌ಪಿ ಪ್ಲೇಯರ್ ಆಗಿರುತ್ತೆ, ಅದರ ಮುಳ್ಳು ಎಲ್‌ಪಿಯ ಸಣ್ಣ ಗೆರೆಗೆ ಅಂತ ಮಾಡಿದ್ದು. ನಿಮ್ಮತ್ರ ಇರೋದು 78ರ ರೆಕಾರ್ಡು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಥರದ್ದು, ಅದರ ಗೆರೆ ಎಲ್‌ಪಿಗಿಂತ ಸುಮಾರು ಮೂರು ಪಟ್ಟು ಅಗಲ. ಸಣ್ಣ ಮುಳ್ಳು ಅಗಲ ಗೆರೆಯ ತಳಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಅಲ್ಲಿರೋದು ಎಷ್ಟೋ ವರ್ಷದ ಧೂಳು ಮಾತ್ರ, ಸಂಗೀತ ಇರೋದು ಗೆರೆಯ ಎರಡು ಗೋಡೆ ಮೇಲೆ. ಅಂದ್ರೆ ನೀವು ಕೇಳಿದ ಕರಕರ ಸದ್ದಲ್ಲಿ ಅರ್ಧ ಮೆಟ್ನರ್‌ದಲ್ಲ (ಲೇಬಲ್ ಮೇಲಿನ ಮೆಡ್ಟ್ನರ್ ಇವರೇ, ರಷ್ಯಾದ ಸಂಗೀತ ರಚನೆಕಾರ), ಆ ಟ್ರಂಕಿಂದು. 78ಕ್ಕೆ ಅಂತಲೇ ಬೇರೆ ದಪ್ಪ ಮುಳ್ಳು ಸಿಗುತ್ತೆ, ಪ್ಲೇಯರಲ್ಲಿ 78 ಸ್ಪೀಡೂ ಇರಬೇಕು, ಬರೀ 33 ಮತ್ತು 45 ಇದ್ರೆ ಆಗಲ್ಲ. ಹಾಗಂತ ಯಾರೋ ಹೇಳಿದ್ರು ಅಂತ ಹಳೇ ಕೀ ಕೊಡೋ ಗ್ರಾಮಫೋನಿಗೂ ಹಾಕ್ಬೇಡಿ, ಅದರ ಭಾರದ ಸೌಂಡ್‌ಬಾಕ್ಸು, ಉಕ್ಕಿನ ಮುಳ್ಳು ಸೇರ್ಕೊಂಡು ಒಂದೊಂದು ಸಲಕ್ಕೂ ಗೆರೆಯನ್ನ ಉಳುತ್ತೆ.

ಕ್ಲೀನ್ ಮಾಡೋ ಉತ್ಸಾಹದಲ್ಲಿ ಸ್ಪಿರಿಟ್ ಮಾತ್ರ ಹಚ್ಬೇಡಿ. 78ರ ರೆಕಾರ್ಡು ಮಾಡ್ತಿದ್ದಿದ್ದು ಅರಗಿನಿಂದ, ಚನ್ನಪಟ್ಟಣದ ಬೊಂಬೆಗೆ ಬಣ್ಣದ ಜೊತೆ ಹಚ್ತಾರಲ್ಲ, ಅದೇ ಅರಗು, ಅದಕ್ಕೆ ಕಲ್ಲಿನ ಪುಡಿ, ಮಸಿ ಎಲ್ಲ ಸೇರಿಸಿ ಬಿಸಿ ಒತ್ತಿ ಮಾಡೋದು. ಅರಗು ಸ್ಪಿರಿಟಲ್ಲಿ ಕರಗುತ್ತೆ, ಬಡಗಿಗಳು ಮರಕ್ಕೆ ಹೊಡೆಯೋ ಪಾಲಿಶ್ ಅದೇ ತಾನೇ. ನಾನೇ ಕಾಲೇಜು ದಿನಗಳಲ್ಲಿ ಗುಜರಿಯಲ್ಲಿ ಸಿಕ್ಕ ಒಂದು ಡಿಸ್ಕನ್ನ ಹತ್ತಿ, ಸ್ಪಿರಿಟ್ ತಗೊಂಡು ಚೆನ್ನಾಗಿ ಒರೆಸಿ ಹೊಳಪು ಬಂತು ಅಂತ ಖುಷಿಪಟ್ಟವನು, ಹೊಳಪು ಬಂದಿದ್ದು ಗೆರೆ ಕರಗಿದ್ದಕ್ಕೆ. ತಣ್ಣೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆ, ಲೇಬಲ್ ನೆನೆಯದ ಹಾಗೆ ಒರೆಸಿ ನೆರಳಲ್ಲಿ ಒಣಗಿಸಿ. ಆಮೇಲೆ ಪುಸ್ತಕದ ಥರ ನಿಲ್ಲಿಸಿಡಿ, ಒಂದರ ಮೇಲೊಂದು ಮಲಗಿಸಿಟ್ರೆ ಕೆಳಗಿನದು ಬಿರುಕು ಬಿಡುತ್ತೆ.

ಇನ್ನು ಸೈಡ್ ತಿರುಗಿಸಿದ್ರೆ ಸಂಬಂಧ ಇಲ್ಲ ಅಂದ್ರಲ್ಲ, ಅದಕ್ಕೂ ಕಾರಣ ಇರಬಹುದು. ಲೇಬಲ್ ಮೇಲೆ ಸೈಡ್ ನಂಬರ್ ನೋಡಿ. 78ರ ದೊಡ್ಡ ಡಿಸ್ಕಿನ ಒಂದು ಸೈಡಿಗೆ ನಾಲ್ಕು, ನಾಲ್ಕೂವರೆ ನಿಮಿಷ ಅಷ್ಟೇ ಹಿಡಿಯೋದು. ಕನ್ಚೆರ್ಟೊ ಅಂದ್ರೆ ಒಬ್ಬ ಮುಖ್ಯ ವಾದಕ, ಜೊತೆಗೆ ಇಡೀ ಆರ್ಕೆಸ್ಟ್ರಾ ಸೇರಿ ನುಡಿಸೋ ದೊಡ್ಡ ಕೃತಿ, ಈ ಮೂರನೇದು ಅರ್ಧ ಗಂಟೆಗೂ ಜಾಸ್ತಿ ಇದೆ, ಅಂದ್ರೆ ಒಂಬತ್ತು ಹತ್ತು ಸೈಡ್ ಆಯ್ತು, ಐದು ಡಿಸ್ಕ್ ಬೇಕು. ನಿಮ್ಮತ್ರ ಇರೋದು ಮೂರೇ ಅಂದ್ಮೇಲೆ ಸೆಟ್ ಪೂರ್ತಿ ಇಲ್ಲ. ಅದರ ಮೇಲೆ ಆ ಕಾಲದಲ್ಲಿ ರೆಕಾರ್ಡ್ ಚೇಂಜರ್ ಅಂತ ಇತ್ತು, ಡಿಸ್ಕುಗಳನ್ನ ಅಟ್ಟಿ ಇಟ್ರೆ ಒಂದು ಮುಗಿದ ಮೇಲೆ ಇನ್ನೊಂದು ತಾನೇ ಬೀಳೋದು, ಎಲ್ಲ ಬಿದ್ದ ಮೇಲೆ ಇಡೀ ಅಟ್ಟಿಯನ್ನ ತಿರುಗಿಸಿ ಇಡೋದು. ಅದಕ್ಕೋಸ್ಕರ ಮೊದಲನೇ ಸೈಡಿನ ಬೆನ್ನಿಗೆ ಎರಡನೇದು ಹಾಕ್ತಿರಲಿಲ್ಲ, ಕೊನೇದು ಹಾಕ್ತಿದ್ರು. ಒಂದರ ಹಿಂದೆ ಹತ್ತು, ಎರಡರ ಹಿಂದೆ ಒಂಬತ್ತು. ನಿಮ್ಮದೂ ಹಾಗಿದ್ರೆ ನೀವು ಕೇಳಿದ್ದು ಕಥೆಯ ಮೊದಲನೇ ಪುಟ, ತಕ್ಷಣ ಕೊನೇ ಪುಟ. ತಿಳಿಯದೇ ಇದ್ದಿದ್ದು ನಿಮ್ಮ ತಪ್ಪಲ್ಲ ಬಿಡಿ.

ಈಗ ದೊಡ್ಡಪ್ಪನ ಮಾತು. ನೂರಕ್ಕೆ ನೂರು ನಿಜ. ಜಯಚಾಮರಾಜೇಂದ್ರ ಒಡೆಯರ್ ಅಂದ್ರೆ ನಮಗೆ ಶ್ರೀವಿದ್ಯಾ ಅಂಕಿತದ 94 ಕೃತಿ, ಆಸ್ಥಾನದಲ್ಲಿ ವಾಸುದೇವಾಚಾರ್ಯರಂಥವರು, ದಸರಾ ದರ್ಬಾರು ಇಷ್ಟು ನೆನಪಾಗುತ್ತೆ. ಆದ್ರೆ ಅವರು ಮೊದಲು ಪಿಯಾನೋ ವಿದ್ಯಾರ್ಥಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದವರು, 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಗೌರವ ಫೆಲೋ ಮಾಡ್ಕೊಂಡಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜರೂ ಹೋದ್ರು, ದೊಡ್ಡಪ್ಪ ನಾಲ್ವಡಿಯವರೂ ಹೋದ್ರು, 21 ವರ್ಷಕ್ಕೇ ಸಿಂಹಾಸನ. ಕಚೇರಿ ಪಿಯಾನಿಸ್ಟ್ ಆಗೋ ಆಸೆ ಅಲ್ಲಿಗೆ ಮುಗೀತು. ಕೇಳೋ ಆಸೆ ಮುಗೀಲಿಲ್ಲ. ಆಮೇಲೆ ಮೈಸೂರಿಗೆ ಬಂದು ವಾರಗಟ್ಟಲೆ ಉಳಿದು ಹೋದ ವಾಲ್ಟರ್ ಲೆಗ್ಗ್, ಎಚ್‌ಎಂವಿಯ ಒಡೆತನ ಇದ್ದ ಇಎಂಐ ಕಂಪನಿಯ ರೆಕಾರ್ಡಿಂಗ್ ನಿರ್ಮಾಪಕ, ಅರಮನೇಲಿ ಏನಿತ್ತು ಅಂತ ಬರೆದಿಟ್ಟಿದ್ದಾರೆ: ಗಂಭೀರ ಸಂಗೀತದ ಯಾವ ರೆಕಾರ್ಡು ಕೇಳಿದ್ರೂ ಇರೋ ಅಂಥ ಲೈಬ್ರರಿ, ಥರಥರದ ಲೌಡ್‌ಸ್ಪೀಕರುಗಳು, ಒಂದಲ್ಲ ಹಲವಾರು ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೋಗಳು. ಲಂಡನ್ನಲ್ಲಿ ದಿನಾ ಅದೇ ಕೆಲಸ ಮಾಡೋ ಮನುಷ್ಯನೇ ಬೆರಗಾಗಿದ್ದ ಅಂದ್ರೆ ನೋಡಿ.

ಇಷ್ಟು ರೆಕಾರ್ಡು ಇಟ್ಕೊಂಡವರಿಗೆ ಯಾವುದು ಇಲ್ಲ ಅನ್ನೋದೂ ಚೆನ್ನಾಗಿ ಗೊತ್ತಿರುತ್ತೆ ಅಲ್ವಾ. ನಿಕೊಲಾಯ್ ಮೆಟ್ನರ್ ಸಂಗೀತದ ರೆಕಾರ್ಡು ಹೆಚ್ಚು ಇರಲಿಲ್ಲ. (ಸ್ಪೆಲಿಂಗಲ್ಲಿ ಒಂದು ಡಿ ಇದೆ, ರಷ್ಯನ್ನರು ಅನ್ನೋದು ಮೆಟ್ನರ್ ಅಂತಲೇ.) 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ಅಲ್ಲಿನ ಕನ್ಸರ್ವೇಟರಿಯಲ್ಲಿ ಓದಿದವರು, ಇನ್ನೊಬ್ಬ ರಷ್ಯನ್ ರಚನೆಕಾರ, ಪಿಯಾನಿಸ್ಟ್ ರಾಖ್ಮನಿನೋಫ್‌ಗಿಂತ ಏಳು ವರ್ಷ ಚಿಕ್ಕವರು, ಇಬ್ಬರೂ ಜೀವದ ಗೆಳೆಯರು, ರಾಖ್ಮನಿನೋಫ್ ತನ್ನ ನಾಲ್ಕನೇ ಕನ್ಚೆರ್ಟೊವನ್ನ ಮೆಟ್ನರ್‌ಗೆ ಅರ್ಪಿಸಿದ್ರು, ಮೆಟ್ನರ್ ತನ್ನ ಎರಡನೇದನ್ನ ರಾಖ್ಮನಿನೋಫ್‌ಗೆ ಅರ್ಪಿಸಿದ್ರು. ಕ್ರಾಂತಿ ಆದ್ಮೇಲೆ 1921ರಲ್ಲಿ ದೇಶ ಬಿಟ್ರು, ಜರ್ಮನಿ, ಫ್ರಾನ್ಸ್ ಸುತ್ತಿ 1935ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಮನೆ ಮಾಡಿದ್ರು. ಅಷ್ಟೊತ್ತಿಗೆ ಕಾಲ ಬದಲಾಗಿತ್ತು, ಎಲ್ಲರೂ ಸ್ಟ್ರಾವಿನ್‌ಸ್ಕಿ ಥರದ ಹೊಸ ಶೈಲಿಯವರ ಹೆಸರು ಹೇಳ್ತಿದ್ದಾಗ ಇವರು ಹತ್ತೊಂಬತ್ತನೇ ಶತಮಾನದ ಬ್ರಾಮ್ಸ್ ಕಾಲದ ನಿಯಮಕ್ಕೆ ನಿಷ್ಠರಾಗಿ ಬರೀತಾ ಕೂತಿದ್ರು, ಹೊಸ ಸಂಗೀತವನ್ನ ಬೈದು ಒಂದು ಪುಸ್ತಕವನ್ನೇ ಬರೆದ್ರು. ಟ್ಯೂಷನ್ ಹೇಳಿ ಜೀವನ. ಯುದ್ಧ ಬಂತು, ಪಾಠವೂ ನಿಂತು ಹೋಯ್ತು, ಜರ್ಮನಿಯ ಪ್ರಕಾಶಕರಿಂದ ಬರ್ತಿದ್ದ ದುಡ್ಡೂ ನಿಂತು ಹೋಯ್ತು, ಎಡ್ನಾ ಐಲ್ಸ್ ಅನ್ನೋ ಪಿಯಾನಿಸ್ಟ್ ಹಳ್ಳಿ ಕಡೆ ಕರ್ಕೊಂಡು ಹೋಗಿ ಮನೇಲಿ ಇಟ್ಕೊಂಡ್ರು, ಅಲ್ಲೇ ಒಂದು ಹೃದಯಾಘಾತವೂ ಆಯ್ತು, ಅಲ್ಲೇ ಮೂರನೇ ಕನ್ಚೆರ್ಟೊವೂ ಮುಗೀತು. ನಿಮ್ಮ ಟ್ರಂಕಲ್ಲಿರೋದು ಅದೇ. 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲಲ್ಲಿ ಆರ್ಕೆಸ್ಟ್ರಾ ನಡೆಸಿದ ಏಡ್ರಿಯನ್ ಬೋಲ್ಟ್ ಜೊತೆ ತಾವೇ ಮೊದಲ ಸಲ ನುಡಿಸಿದ್ರು.

ಅಂಥ ಮನುಷ್ಯನ ಬಾಗಿಲಿಗೆ 1946ರಲ್ಲಿ ಮೈಸೂರಿಂದ ಸುದ್ದಿ ಹೋಯ್ತು, ಮಹಾರಾಜರು ನಿಮ್ಮ ಕೃತಿಗಳನ್ನ ನಿಮ್ಮ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸ್ತಾರಂತೆ, ಖರ್ಚು ಅವರದು ಅಂತ. 66 ವರ್ಷದ, ಅರ್ಧ ಲೋಕ ಮರೆತಿದ್ದ ಮನುಷ್ಯನಿಗೆ, ತಾನು ಕಾಲಿಡದ ಊರಿನ 27 ವರ್ಷದ ರಾಜರಿಂದ. ಮೆಟ್ನರ್ ಸೊಸೈಟಿ ಅಂತ ಮಾಡಿ 78ರಲ್ಲಿ ಮೂರು ಆಲ್ಬಮ್ ಹೊರಗೆ ಬಂತು. ಮೂರೂ ಕನ್ಚೆರ್ಟೊ, ಸೊನಾಟಾಗಳು (ಒಂದೆರಡು ವಾದ್ಯಕ್ಕೆ ಅಂತ ಬರೆದ ಕೃತಿ), ಹಾಡುಗಳು, ಪಿಟೀಲಿನ ಕೃತಿ, ಹಾಡುಗಳಲ್ಲಿ ಕೆಲವನ್ನ 1950ರಲ್ಲಿ ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿದ್ರು, ಪಿಯಾನೋ ಮೆಟ್ನರ್‌ದೇ. ಎಲ್ಲವನ್ನೂ ಮಾಡೋ ಯೋಚನೆ ಇತ್ತು, ಆದ್ರೆ ಇತ್ತ ಸಂಸ್ಥಾನ ವಿಲೀನ ಆಗಿ ರಾಜರ ಕೈ ಮೊದಲಿನ ಹಾಗೆ ಉದಾರ ಆಗಿರೋಕೆ ಆಗಲಿಲ್ಲ, ಅತ್ತ ಮೆಟ್ನರ್ ಹೃದಯ ತಡೀಲಿಲ್ಲ, 1951ರ ನವೆಂಬರಲ್ಲಿ ಹೋಗ್ಬಿಟ್ರು. ಮೂರನೇ ಕನ್ಚೆರ್ಟೊ ಅರ್ಪಣೆ ಯಾರಿಗೆ ಅಂತ ನೋಡಿದ್ರೆ ಮೈಸೂರು ಮಹಾರಾಜರಿಗೆ. ಬರೆದಿದ್ದು ಪರಿಚಯಕ್ಕಿಂತ ಮೊದಲು, ಹೆಸರು ಸೇರಿದ್ದು ಆಮೇಲೆ.

ಕೇಳೋಕೆ ಯೋಗ್ಯವಾ ಅಂತ ಕೇಳಿದ್ರಿ. ನನ್ನ ಉತ್ತರ: ಯೋಗ್ಯ, ಆದ್ರೆ ಅದನ್ನ ಮೊದಲು ಕೇಳ್ಬೇಡಿ.

ಯಾಕಂದ್ರೆ ಮೆಟ್ನರ್ ಸಂಗೀತ ಒಂದೇ ಸಲಕ್ಕೆ ಕೈಗೆ ಸಿಗೋದಲ್ಲ. ರಾಖ್ಮನಿನೋಫ್ ನಿಮ್ಮನ್ನ ಮೊದಲನೇ ನಿಮಿಷದಲ್ಲೇ ಎತ್ಕೊಂಡು ಹೋಗ್ಬಿಡ್ತಾರೆ, ಮೆಟ್ನರ್ ಹಾಗಲ್ಲ, ಮೊದಲ ಸಲ ಕೇಳಿದಾಗ ಏನೋ ತುಂಬಾ ದಟ್ಟವಾಗಿದೆ, ಎಲ್ಲ ಸ್ವರಗಳೂ ಒಟ್ಟಿಗೆ ಮಾತಾಡ್ತಿವೆ ಅನ್ಸುತ್ತೆ. ಮೂರನೇ ಸಲಕ್ಕೆ ಅಯ್ಯೋ ಇದು ಆ ಆರಂಭದ ಸಾಲೇ ಅಲ್ವಾ, ವೇಷ ಬದಲಾಯಿಸಿಕೊಂಡು ಬಂದಿದೆ ಅಂತ ಗೊತ್ತಾಗುತ್ತೆ. ನಮ್ಮಲ್ಲಿ ಒಂದೇ ಸಾಲನ್ನ ನೆರವಲ್‌ಗೆ ಎತ್ಕೊಂಡು ತಿರುಗಿಸಿ ತಿರುಗಿಸಿ ಹಾಡ್ತಾರಲ್ಲ, ಅದನ್ನ ಕೇಳಿ ಅಭ್ಯಾಸ ಇರೋ ಕಿವಿಗೆ ಮೆಟ್ನರ್ ಕಷ್ಟ ಆಗ್ಬಾರ್ದು, ಇದು ನನ್ನ ಅನುಭವ. ಆದ್ರೆ ಆ ಪರಿಚಯ ಆಗೋಕೆ ಸದ್ದು ಸ್ವಚ್ಛ ಇರಬೇಕು. ಹೊಸ ಸಂಗೀತ, ಅದರ ಮೇಲೆ ಹಳೇ ಸದ್ದು, ಎರಡೂ ಒಟ್ಟಿಗೆ ಅಂದ್ರೆ ಯಾರಿಗಾದ್ರೂ ಬೇಜಾರಾಗುತ್ತೆ.

ಸೊನಾಟಾ ರೆಮಿನಿಸೆನ್ಜಾ ಅಂತ ಒಂದಿದೆ, ಓಪಸ್ 38ರ ಮೊದಲನೇದು (ಓಪಸ್ ಅಂದ್ರೆ ರಚನೆಕಾರರ ಕೃತಿಗೆ ಕೊಡೋ ಕ್ರಮಸಂಖ್ಯೆ), ಕಾಲು ಗಂಟೆ, ಪಿಯಾನೋ ಒಂದೇ. ಅಲ್ಲಿಂದ ಶುರು ಮಾಡಿ. ದೇಶ ಬಿಡೋಕೆ ಸ್ವಲ್ಪ ಮುಂಚೆ ಬರೆದಿದ್ದು. ಶುರುವಲ್ಲಿ ರಾಗ ಅಂತ ಹೇಳೋಂಥದ್ದು ಏನೂ ಇಲ್ಲ, ಬಲಗೈಯಲ್ಲಿ ಸಣ್ಣಗೆ ಏರಿಳಿಯೋ ಒಂದು ಸ್ವರಮಾಲೆ, ಮಧ್ಯಾಹ್ನ ನಿದ್ದೆ ಹತ್ತೋ ಹೊತ್ತಲ್ಲಿ ಯಾರೋ ಪಕ್ಕದ ಮನೇಲಿ ನುಡಿಸ್ತಿರೋ ಹಾಗೆ. ಆಮೇಲೆ ಮಾತು ಶುರುವಾಗುತ್ತೆ, ಜಗಳ ಆಗುತ್ತೆ, ನಡುವೆ ಆ ಸ್ವರಮಾಲೆ ಇನ್ನೊಂದ್ಸಲ ಬರುತ್ತೆ, ಕೊನೇಲಿ ಮತ್ತೆ ಬರುತ್ತೆ, ಸ್ವರ ಒಂದೂ ಬದಲಾಗಿಲ್ಲ, ಕೇಳೋ ನೀವು ಬದಲಾಗಿರ್ತೀರ. ಸೋವಿಯತ್ ಪಿಯಾನಿಸ್ಟ್ ಎಮಿಲ್ ಗಿಲೆಲ್ಸ್ 1960ರ ದಶಕದ ಕೊನೇಲಿ ಕಚೇರಿಗಳಲ್ಲಿ ನುಡಿಸಿದ್ದರ ರೆಕಾರ್ಡಿಂಗ್ ಇದೆ, ಅದನ್ನೇ ಹುಡುಕಿ. ಸೋವಿಯತ್ ಕಾಲದಲ್ಲಿ ವಲಸೆ ಹೋದವರ ಸಂಗೀತ ನುಡಿಸೋರು ಕಮ್ಮಿ, ಗಿಲೆಲ್ಸ್ ಬಿಡಲಿಲ್ಲ. ಹದಿನಾಲ್ಕೂ ಸೊನಾಟಾ ಬೇಕು ಅಂದ್ರೆ ಕೆನಡಾದ ಪಿಯಾನಿಸ್ಟ್ ಮಾರ್ಕ್-ಆಂದ್ರೆ ಆಮ್ಲಾ ಹೈಪೀರಿಯನ್ ಅನ್ನೋ ರೆಕಾರ್ಡ್ ಕಂಪನಿಗೆ ಮಾಡಿರೋ ಸೆಟ್ ಇದೆ, ಕಷ್ಟದ ಜಾಗಗಳಲ್ಲಿ ಬೆರಳಿಗೆ ಬೆವರೇ ಬಂದ ಹಾಗೆ ಕಾಣಲ್ಲ, ಕೆಲವು ಸಲ ನನಗೆ ಅದೇ ಸ್ವಲ್ಪ ಕೊರತೆ ಅನ್ಸುತ್ತೆ, ಆದ್ರೂ ಪೂರ್ತಿ ನಕ್ಷೆ ಬೇಕಾದವರಿಗೆ ಅದೇ ಸರಿ.

ಆಮೇಲೆ ನಿಮ್ಮ ಮೂರನೇ ಕನ್ಚೆರ್ಟೊ, ಹೊಸ ರೆಕಾರ್ಡಿಂಗಲ್ಲಿ. ನಿಕೊಲಾಯ್ ಡೆಮಿಡೆಂಕೊ ಹೈಪೀರಿಯನ್‌ಗೆ ಎರಡು ಮತ್ತು ಮೂರನ್ನ ಮಾಡಿದ್ದಾರೆ, ಬೆಂಕಿ. ಇನ್ನೊಂದು ಜೆಫ್ರಿ ಟೋಜರ್, ಚಾಂಡೋಸ್ ಕಂಪನಿಗೆ, ಆರ್ಕೆಸ್ಟ್ರಾ ನಡೆಸಿದ್ದು ನೀಮೆ ಯಾರ್ವಿ. ಟೋಜರ್ ಆಸ್ಟ್ರೇಲಿಯಾದವರು ಅಂತ ಎಲ್ಲರೂ ಅಂತಾರೆ, ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ, ಇದು ಸುಮ್ನೆ ಹೇಳಿದೆ. ಈ ಕನ್ಚೆರ್ಟೊದ ಮೊದಲ ಭಾಗಕ್ಕೆ ಲೆರ್ಮೊಂತೊವ್ ಬರೆದ ಒಂದು ಕವನದ ನೆರಳಿದೆ: ಹುಣ್ಣಿಮೆ ರಾತ್ರಿ ನದಿಯಲ್ಲಿ ಒಬ್ಬಳು ಜಲಕನ್ಯೆ ಈಜ್ತಾ ಇದಾಳೆ, ಅಲೆಯ ಬೆಳ್ಳಿ ನೊರೆಯನ್ನ ಚಂದ್ರನವರೆಗೂ ಎರಚೋಕೆ ನೋಡ್ತಾಳೆ, ನದಿ ತಳದಲ್ಲಿ ಒಬ್ಬ ವೀರ ಮಲಗಿದಾನೆ, ಎಷ್ಟು ಕರೆದ್ರೂ ಏಳಲ್ಲ. ಏಳಲ್ಲ ಯಾಕಂದ್ರೆ ಸತ್ತಿದಾನೆ. ಕವನ ಅಲ್ಲಿಗೇ ನಿಲ್ಲುತ್ತೆ, ಮೆಟ್ನರ್ ನಿಲ್ಲಲ್ಲ. ಮೂರು ಭಾಗ, ನಡುವೆ ಉಸಿರು ಬಿಡೋಕೂ ಜಾಗ ಇಲ್ಲ, ಎರಡನೇದು ಬರೀ ಒಂದು ಸಣ್ಣ ಸೇತುವೆ, ಮೂರನೇ ಭಾಗಕ್ಕೆ ಅವರು ಬರೆದ ಸೂಚನೆಯಲ್ಲೇ ಎಚ್ಚರಗೊಳ್ಳುತ್ತಾ, ವೀರನಂತೆ ಅಂತಿದೆ. ಬಾಂಬ್ ಬೀಳ್ತಿದ್ದ ಕಾಲದಲ್ಲಿ, ಹೃದಯಾಘಾತ ಆದ ಮನುಷ್ಯ ಮಲಗಿದವನನ್ನ ಎಬ್ಬಿಸಿದ್ದಾರೆ ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ, ನೀವು ಬೇರೆ ಥರ ಕೇಳಬಹುದು.

ಇದು ಎರಡು ಮೂರು ಸಲ ಆದ್ಮೇಲೆ, ಎಲ್ಲೆಲ್ಲಿ ಏನು ಬರುತ್ತೆ ಅಂತ ಕಿವಿಗೆ ಗೊತ್ತಾದ್ಮೇಲೆ, ಮೆಟ್ನರ್ ತಾವೇ ನುಡಿಸಿದ 1947ರದ್ದು ಹಾಕಿ. ಡಿಸ್ಕಲ್ಲ, ಟೆಸ್ಟಮೆಂಟ್ ಅನ್ನೋ ಕಂಪನಿ ಸಿಡಿಯಲ್ಲಿ ತಂದಿದೆ, ಆನ್‌ಲೈನಲ್ಲೂ ಸಿಗುತ್ತೆ. ಎರಡು ಮತ್ತು ಮೂರಕ್ಕೆ ಫಿಲ್ಹಾರ್ಮೋನಿಯಾವನ್ನ ನಡೆಸಿದ್ದು ಇಸಾಯ್ ಡೊಬ್ರೊವೆನ್, ಅವರೂ ಮಾಸ್ಕೋ ಕನ್ಸರ್ವೇಟರಿಯವರು, ಮೊದಲನೇದಕ್ಕೆ ಜಾರ್ಜ್ ವೆಲ್ಡನ್. ಕೇಳುವಾಗ ಒಂದು ವಿಷಯ ನೆನಪಿರಲಿ, ಅಲ್ಲಿ ಇವತ್ತಿನ ಹಾಗೆ ಟೇಪ್ ಕತ್ತರಿಸಿ ಅಂಟಿಸೋದು ಇಲ್ಲ, ನೇರವಾಗಿ ಡಿಸ್ಕಿಗೇ ಕೊರೆಯೋದು, ನಾಲ್ಕು ನಿಮಿಷ ನುಡಿಸಬೇಕು, ತಪ್ಪಿದ್ರೆ ಇಡೀ ನಾಲ್ಕು ನಿಮಿಷ ಮತ್ತೆ. ಆರ್ಕೆಸ್ಟ್ರಾದಲ್ಲಿ ಅಷ್ಟು ಜನ, ಪಿಯಾನೋ ಮುಂದೆ 67 ವರ್ಷದ ಹೃದ್ರೋಗಿ. ಅಲ್ಲೊಂದು ಇಲ್ಲೊಂದು ತಪ್ಪು ಸ್ವರ ಇದೆ, ಇರಲಿ. ನಾನು ಬೆರಗಾಗೋದು ಏನಕ್ಕೆ ಅಂದ್ರೆ, ಇಷ್ಟು ರೊಮ್ಯಾಂಟಿಕ್ ಸಂಗೀತ ಬರೆದವರು ನುಡಿಸುವಾಗ ಎಲ್ಲೂ ಅತ್ತು ಕರೆಯಲ್ಲ. ಲಯ ಕಡೆದಿಟ್ಟ ಹಾಗೆ ಗಟ್ಟಿ. ಹೊಸಬರು ಎಲ್ಲಿ ಸುಂದರವಾದ ಜಾಗ ಬಂತು ಅಂತ ನಿಧಾನ ಮಾಡ್ತಾರೋ ಅಲ್ಲಿ ಇವರು ಮಾಡಲ್ಲ, ಸಾಲು ಮುಗಿಯೋ ತನಕ ಒಂದೇ ಉಸಿರು. ಅದನ್ನ ಕೇಳಿದ್ಮೇಲೆ ನನಗೆ ಹೊಸ ರೆಕಾರ್ಡಿಂಗುಗಳು ಸ್ವಲ್ಪ ಜಾಸ್ತಿ ತುಪ್ಪ ಹಾಕಿದ ಹಾಗೆ ಅನ್ಸೋಕೆ ಶುರುವಾಯ್ತು.

ಅವರ ಸ್ಕಾಜ್ಕಾಗಳನ್ನೂ ಬಿಡಬೇಡಿ, ಸ್ಕಾಜ್ಕಾ ಅಂದ್ರೆ ರಷ್ಯನ್ನಲ್ಲಿ ಅಜ್ಜಿ ಕಥೆ, ಮೂರು ನಾಲ್ಕು ನಿಮಿಷದವು, 78ರ ಒಂದು ಸೈಡಿಗೆ ಅಂತಲೇ ಹುಟ್ಟಿದ ಹಾಗಿವೆ. ಓಪಸ್ 20ರ ಮೊದಲನೇದನ್ನ ಅವರೇ ನುಡಿಸಿದ್ದು ಕೇಳಿ.

ಮೊದಲು ಸ್ವಚ್ಛ ಸದ್ದು, ಆಮೇಲೆ ರಚನೆಕಾರರು ತಾವೇ ನುಡಿಸಿದ ಹಳೇದು ಅನ್ನೋ ಇದೇ ಮಾತು ರಾಖ್ಮನಿನೋಫ್‌ಗೂ ಬರುತ್ತೆ. ಎರಡನೇ ಕನ್ಚೆರ್ಟೊದ ಆರಂಭ ನೀವು ಗೊತ್ತಿಲ್ಲದೇ ಎಲ್ಲೋ ಕೇಳಿರ್ತೀರ, ಪಿಯಾನೋ ಒಂದೇ, ಗಂಟೆ ಹೊಡೆದ ಹಾಗೆ ಒಂದೊಂದೇ ದಪ್ಪ ಸ್ವರಗುಚ್ಛ, ಪಿಸುಮಾತಿಂದ ಶುರುವಾಗಿ ಏರ್ತಾ ಏರ್ತಾ ಹೋಗಿ ಆರ್ಕೆಸ್ಟ್ರಾ ಒಳಗೆ ಬೀಳುತ್ತೆ. ಪಿಯಾನಿಸ್ಟ್ ಸ್ವ್ಯಾಟೊಸ್ಲಾವ್ ರಿಕ್ಟರ್ 1959ರಲ್ಲಿ ವಾರ್ಸಾದಲ್ಲಿ ಮಾಡಿದ್ದು ಎಲ್ಲರೂ ಹೊಗಳೋ ರೆಕಾರ್ಡು, ಆ ಗಂಟೆಗಳು ಎಷ್ಟು ನಿಧಾನ ಅಂದ್ರೆ ಒಂದರಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಎದೆ ಭಾರ ಆಗುತ್ತೆ. ಅದು ಮುಗಿದ ಮೇಲೆ 1929ರಲ್ಲಿ ರಾಖ್ಮನಿನೋಫ್ ತಾವೇ ಸ್ಟೊಕೊವ್‌ಸ್ಕಿ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಹಾಕಿ. ಎಲ್ಲೂ ನಿಲ್ಲದೇ ಸರಸರ ನಡೆದುಕೊಂಡು ಹೋಗ್ತಾರೆ! ಮೊದಲನೇ ಭಾಗ ಒಂದೇ ರಿಕ್ಟರ್‌ಗಿಂತ ಒಂದು ನಿಮಿಷಕ್ಕೂ ಜಾಸ್ತಿ ಮೊದಲೇ ಮುಗಿಯುತ್ತೆ. ಸೈಡಿನ ಅಳತೆಗೆ ಹೊಂದಿಸೋಕೆ ಓಡಿಸಿದ್ರು ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ, ಅವರು ನುಡಿಸಿದ್ದೆಲ್ಲ ಹಾಗೇ ಇದೆ, ಕಣ್ಣೀರು ಇರೋದು ಸ್ವರದಲ್ಲೇ, ನಾನು ಬೇರೆ ಯಾಕೆ ಸುರಿಸಲಿ ಅನ್ನೋ ಥರ. ಯಾವುದು ಸರಿ ಅಂತ ಕೇಳ್ಬೇಡಿ, ರಿಕ್ಟರ್ ಬೇಕಾದ ದಿನ ರಿಕ್ಟರೇ ಬೇಕು.

ಇನ್ನೊಂದು ವಿಷಯ ಹೇಳಲೇಬೇಕು, ಇದೂ ನಿಮ್ಮೂರಿಗೆ ಸಂಬಂಧಪಟ್ಟಿದ್ದು. ಲೆಗ್ಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಮಹಾರಾಜರು ವರ್ಷಕ್ಕೆ 10,000 ಪೌಂಡ್ ಹಾಗೆ ಮೂರು ವರ್ಷ ಕೊಡೋಕೆ ಒಪ್ಪಿದ್ರು ಅಂತ ಲೆಗ್ಗ್ ಬರೆದಿದ್ದಾರೆ, ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ಅಂಗಡಿಯಲ್ಲಿ ಖರ್ಚಾಗದ ಸಂಗೀತ ಅಂತ ಕಂಪನಿಗಳು ಮುಟ್ಟದೇ ಇದ್ದ ರಷ್ಯಾದ ಬಾಲಾಕಿರೆವ್ ಬರೆದ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಅಂತ ಬರೆದ ದೊಡ್ಡ ಕೃತಿ), ಫ್ರಾನ್ಸಿನ ರುಸೆಲ್‌ನ ನಾಲ್ಕನೇ ಸಿಂಫನಿ ಎಲ್ಲ 1949ರಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಕಾರಾಯನ್ ಕೈಲಿ ರೆಕಾರ್ಡ್ ಆಗಿದ್ದು ಈ ದುಡ್ಡಲ್ಲೇ. ಬಾಲಾಕಿರೆವ್ ಆ ಸಿಂಫನಿಯನ್ನ 1864ರಲ್ಲಿ ಶುರು ಮಾಡಿ 1897ರಲ್ಲಿ ಮುಗಿಸಿದ ಪುಣ್ಯಾತ್ಮ, ರೆಕಾರ್ಡಾಗೋಕೂ ಇನ್ನೊಂದು ಐವತ್ತು ವರ್ಷ ಕಾಯ್ಬೇಕಾಯ್ತು.

ಮಹಾರಾಜರ ಹೆಸರು ಇನ್ನೊಂದು ಕಡೆಯೂ ಬರುತ್ತೆ. ಜರ್ಮನ್ ರಚನೆಕಾರ ರಿಖಾರ್ಡ್ ಸ್ಟ್ರಾಸ್ 84ನೇ ವಯಸ್ಸಲ್ಲಿ, 1948ರಲ್ಲಿ, ಸೊಪ್ರಾನೊ (ಎತ್ತರದ ಹೆಣ್ಣು ಕಂಠ) ಮತ್ತು ಆರ್ಕೆಸ್ಟ್ರಾಗೆ ನಾಲ್ಕು ಹಾಡು ಬರೆದ್ರು, ಮಾರನೇ ವರ್ಷ ಸೆಪ್ಟೆಂಬರಲ್ಲಿ ತೀರಿಕೊಂಡ್ರು, ತಮ್ಮ ಹಾಡು ಅವರೇ ಕೇಳಲಿಲ್ಲ. ಮೊದಲ ಸಲ ಹಾಡಿದ್ದು 1950ರ ಮೇ 22, ರಾಯಲ್ ಆಲ್ಬರ್ಟ್ ಹಾಲ್, ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದ್ದು, ಫುರ್ಟ್‌ವೆಂಗ್ಲರ್ ನಡೆಸಿದ್ದು, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ. ಆ ಕಚೇರಿಗೆ ಖುದ್ದು ಹೋಗೋಕೆ ಆಗದ ಮಹಾರಾಜರು 4,800 ಡಾಲರ್ ಗ್ಯಾರಂಟಿ ಕೊಟ್ಟು, ಅದನ್ನ ರೆಕಾರ್ಡ್ ಮಾಡಿಸಿ ಮೈಸೂರಿಗೆ ತರಿಸ್ಕೊಂಡ್ರು. ಆ ರಾತ್ರಿಯ ರೆಕಾರ್ಡಿಂಗ್ ಇವತ್ತು ಸಿಡಿಯಲ್ಲಿದೆ. ಸದ್ದು ಕೆಟ್ಟದಾಗಿದೆ, ಮುಚ್ಚುಮರೆ ಇಲ್ಲದೇ ಹೇಳ್ತೀನಿ, ನಿಮ್ಮ ಟ್ರಂಕಿನ ಡಿಸ್ಕೇ ವಾಸಿ ಅನ್ನೋಷ್ಟು. ಹಾಗಾಗಿ ಇದಕ್ಕೂ ಅದೇ ದಾರಿ, ಮೊದಲು ಒಳ್ಳೇ ಸದ್ದಲ್ಲಿ ಜೆಸ್ಸಿ ನಾರ್ಮನ್, ಕುರ್ಟ್ ಮಜೂರ್, ಲೈಪ್‌ಜಿಗ್ ಆರ್ಕೆಸ್ಟ್ರಾ ಕೇಳಿ, ಇಲ್ಲ ಶ್ವಾರ್ಜ್‌ಕಾಫ್ 1965ರಲ್ಲಿ ಜಾರ್ಜ್ ಸೆಲ್ ಜೊತೆ ಮಾಡಿದ್ದು. ಕೊನೇ ಹಾಡಲ್ಲಿ ಮುದಿ ದಂಪತಿ ಸಂಜೆಗೆಂಪಲ್ಲಿ ನಿಂತಿರ್ತಾರೆ, ಎರಡು ಕೊಳಲು ಎರಡು ಹಕ್ಕಿಯ ಹಾಗೆ ಮೇಲೆ ನಡುಗ್ತಿರ್ತವೆ, ಇದೇನಾ ಸಾವು ಅಂತ ಅವಳು ಕೇಳ್ತಾಳೆ, ಆಗ ಆರ್ಕೆಸ್ಟ್ರಾದಲ್ಲಿ ಮೆಲ್ಲಗೆ ಒಂದು ಸಾಲು ಏಳುತ್ತೆ, ಅದು ಸ್ಟ್ರಾಸ್ ಸುಮಾರು ಅರವತ್ತು ವರ್ಷ ಹಿಂದೆ, ಇಪ್ಪತ್ತೈದರ ಹುಡುಗ ಆಗಿದ್ದಾಗ, ಸಾವಿನ ಬಗ್ಗೆ ಬರೆದ ತನ್ನದೇ ಕೃತಿಯಿಂದ ಎತ್ಕೊಂಡಿದ್ದು. ಇಷ್ಟು ಗೊತ್ತಾದ್ಮೇಲೆ ಫ್ಲಾಗ್‌ಸ್ಟಾಡ್ ರೆಕಾರ್ಡು ಹಾಕಿ. ಆ ಗಲಾಟೆ ಸದ್ದಿನ ಹಿಂದಿಂದ ಕಂಚಿನಂಥ ಕಂಠ ಬರುತ್ತಲ್ಲ, ಆ ಹಾಡನ್ನ ಲೋಕ ಮೊದಲನೇ ಸಲ ಕೇಳ್ತಿರೋದು ಅದು.

ಕಚೇರಿಯಲ್ಲೇ ಮಾಡಿದ ಹಳೇ ರೆಕಾರ್ಡು ಅಂದಾಗ ಇನ್ನೊಂದು ನೆನಪಾಯ್ತು, ಮಾಹ್ಲರ್‌ನ ಒಂಬತ್ತನೇ ಸಿಂಫನಿ, ನಡೆಸಿದ್ದು ಬ್ರೂನೊ ವಾಲ್ಟರ್, ಆರ್ಕೆಸ್ಟ್ರಾ ವಿಯೆನ್ನಾ ಫಿಲ್ಹಾರ್ಮೋನಿಕ್, 1938ರ ಜನವರಿ 16. ಎರಡು ತಿಂಗಳೊಳಗೆ ಹಿಟ್ಲರ್ ಆಸ್ಟ್ರಿಯಾ ಒಳಗೆ ಬಂದ, ವಾಲ್ಟರ್ ಯಹೂದಿ, ಮತ್ತೆ ಅಲ್ಲಿ ಇರೋ ಹಾಗಿರಲಿಲ್ಲ. ಜನ ಕೆಮ್ಮೋದೂ ಕೇಳುತ್ತೆ ಅದರಲ್ಲಿ. ರೆಕಾರ್ಡ್ ಮಾಡಿಸಿದ್ದು ಫ್ರೆಡ್ ಗೈಸ್‌ಬರ್ಗ್, 1902ರಲ್ಲಿ ಕಲ್ಕತ್ತಾಗೆ ಬಂದು ಗೌಹರ್ ಜಾನ್ ಹಾಡಿದ್ದನ್ನ ರೆಕಾರ್ಡ್ ಮಾಡಿದ್ನಲ್ಲ, ಅದೇ ಮನುಷ್ಯ.

ಹಳೇದನ್ನ ಆನ್‌ಲೈನಲ್ಲಿ ಹುಡುಕುವಾಗ ಎರಡು ಮೋಸ ಇದೆ. ಒಂದು, ಸದ್ದು ತೆಗೀತೀವಿ ಅಂತ ಕಂಪ್ಯೂಟರಲ್ಲಿ ಉಜ್ಜಿ ಉಜ್ಜಿ ಸಂಗೀತವನ್ನೂ ತೆಗೆದಿರ್ತಾರೆ, ಪಿಯಾನೋ ದಿಂಬಿನ ಕೆಳಗಿಂದ ಬಂದ ಹಾಗಿರುತ್ತೆ. ಅರಗಿನ ಡಿಸ್ಕಲ್ಲಿ ಕಲ್ಲಿನ ಪುಡಿ ಇದೆ ಅಂದೆನಲ್ಲ, ಅದಕ್ಕೇ ಆ ಸುರ್ರ್ ಅನ್ನೋ ಸದ್ದು, ಅದಿರೋ ಜಾಗದಲ್ಲೇ ಪಿಯಾನೋ ತಂತಿಯ ಮೇಲಿನ ನಾದವೂ ಇರೋದು, ಒಂದನ್ನ ತೆಗೆದ್ರೆ ಇನ್ನೊಂದೂ ಹೋಗುತ್ತೆ. ಸ್ವಲ್ಪ ಸುರ್ರ್ ಇರೋದನ್ನೇ ಆರಿಸಿ, ಮಳೆ ಬರ್ತಿರುವಾಗ ರೇಡಿಯೋ ಕೇಳಿದ ಹಾಗೆ, ಐದು ನಿಮಿಷಕ್ಕೆ ಕಿವಿ ಮಳೆಯನ್ನ ಮರೆಯುತ್ತೆ. ಇನ್ನೊಂದು ಸ್ಪೀಡ್. 78 ಅಂತ ಹೆಸರಿದ್ರೂ ಹಳೇ ಕಾಲದಲ್ಲಿ ಎಲ್ಲ ಡಿಸ್ಕೂ ಕರೆಕ್ಟಾಗಿ 78ರಲ್ಲೇ ಕೊರೆದಿದ್ದಲ್ಲ, ಸ್ಪೀಡ್ ನೂರಕ್ಕೆ ಆರು ಹೆಚ್ಚಾದ್ರೆ ಶ್ರುತಿ ಒಂದು ಸ್ವರಸ್ಥಾನ ಮೇಲೆ ಹೋಗ್ಬಿಡುತ್ತೆ, ಷಡ್ಜ ಇರೋ ಜಾಗ ಶುದ್ಧ ರಿಷಭದ್ದಾಗುತ್ತೆ. ನಿಮಗೆ ಕರ್ನಾಟಕ ಸಂಗೀತದ ಕಿವಿ ಇದೆ, ಫೋನಲ್ಲಿ ಟ್ಯೂನರ್ ಆಪ್ ಇದ್ರೆ ಪರೀಕ್ಷೆ ಮಾಡ್ಬಹುದು, ಮೂರನೇ ಕನ್ಚೆರ್ಟೊ ಇ ಮೈನರ್, ಅಂದ್ರೆ ಅದರ ಷಡ್ಜ ಇ ಅನ್ನೋ ಸ್ವರ, ಅದು ಅದರ ಮೇಲಿನ ಎಫ್ ಕಡೆ ಜಾರಿದ್ರೆ ಹಾಕಿದವರು ಓಡಿಸಿದ್ದಾರೆ ಅಂತ ಅರ್ಥ.

ನಿಮ್ಮ ಡಿಸ್ಕಿನ ವಿಷಯಕ್ಕೆ ಬರ್ತೀನಿ. ಮಾರಿದ್ರೆ ಎಷ್ಟು ಬರುತ್ತೆ ಅಂತ ನೀವು ಕೇಳಿಲ್ಲ, ಒಳ್ಳೇದು, ಅರ್ಧ ಸೆಟ್ಟಿಗೆ ಹೆಚ್ಚೇನೂ ಬರಲ್ಲ. ಆದ್ರೆ ಒಂದು ಕೆಲಸ ಮಾಡಿ. ಲೇಬಲ್ ಸುತ್ತ ಗೆರೆ ಇಲ್ಲದ ನುಣುಪು ಜಾಗ ಇರುತ್ತೆ, ಅದನ್ನ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ರೆ ಸಣ್ಣದಾಗಿ ಒಂದು ನಂಬರ್ ಕಾಣುತ್ತೆ, 2ಇಎ ಅಂತ ಶುರುವಾಗ್ಬೇಕು, ಲಂಡನ್ನಲ್ಲಿ ಮಾಡಿದ ಹನ್ನೆರಡು ಇಂಚಿನ ಡಿಸ್ಕಿಗೆ ಎಚ್‌ಎಂವಿ ಹಾಕ್ತಿದ್ದಿದ್ದು ಅದು. ಅದರ ಕೊನೇಲಿ ಒಂಟಿಯಾಗಿ ಒಂದೋ ಎರಡೋ ಮೂರೋ ಅಂತ ಇರುತ್ತೆ ನೋಡಿ, ಅದು ಆ ನಾಲ್ಕು ನಿಮಿಷವನ್ನ ಮೆಟ್ನರ್ ಎಷ್ಟನೇ ಸಲ ನುಡಿಸಿದಾಗ ಹಿಡಿದಿದ್ದು ಅನ್ನೋ ಲೆಕ್ಕ. ಆರೂ ಸೈಡಿನ ನಂಬರ್, ಜೊತೆಗೆ ಲೇಬಲ್ ಮೇಲಿನ ಸೈಡ್ ನಂಬರ್ ಬರೆದು ಕಳಿಸಿ, ಕನ್ಚೆರ್ಟೊದ ಯಾವ ಯಾವ ಭಾಗ ನಿಮ್ಮ ಟ್ರಂಕಲ್ಲಿದೆ ಅಂತ ಹೇಳ್ತೀನಿ.